ಆರನೆಯ ಹಗ್ಗದ ಗಂಟು

ಲಡ್ಲೋ
೧೮ ಜೂನ್ ೧೯೭೪

ಪ್ರೀತಿಯ ಆಲ್ಬನ್,

ಹೇಗಿದ್ದೀಯ? ಆಕ್ಲೆಂಡಿನಲ್ಲಿ ಈಗ ಚಳಿಗಾಲವಂತೆ. ಉಣ್ಣೆಯ ಬನಿಯನ್ ಹಾಕಿಕೊಳ್ಳದೆ ಓಡಾಡುತ್ತೀಯೆಂದು ನನಗೆ ಗೊತ್ತು. ನನ್ನ ಮಂಡಿನೋವು ಹಾಗೇ ಇದೆ. ನಿನ್ನ ಅಪ್ಪನ ಆರೋಗ್ಯ, ಮೊಂಡುತನ ಎರಡೂ ಚೆನ್ನಾಗಿವೆ.

ಶನಿವಾರ ನಮ್ಮ ಚರ್ಚಿನ ಗಂಟೆ ಬಾರಿಸುವವರ ವಾರ್ಷಿಕ ತಿರುಗಾಟ ಇತ್ತು. ಎಂದಿನಂತೆ ನಿನ್ನ ಅಪ್ಪನೇ ಮುಂದಾಳು. ಹೋದ ಊರಲ್ಲೆಲ್ಲ ಗೋಪುರ ಹತ್ತಿ ಅಲ್ಲಿಯ ಗಂಟೆ ಬಾರಿಸುವುದು, ಇಳಿದು ಬಿಯರ್ ಕುಡಿಯುವುದು, ಬೇರೇನೂ ಇಲ್ಲ. ನಾನು ಸ್ಯಾಂಡ್‌ವಿಚ್ ಬುಟ್ಟಿ ಹೊತ್ತು ಹೋಗಿದ್ದೆ. ಲೆಡ್‌ಬರಿಯ ಸಂತೆಯಲ್ಲಿ ಚೀಸ್ ಕೊಂಡೆ, ಸುಮಾರಾಗಿತ್ತು. ಹೆರೆಫರ್ಡಿನ ಕ್ಯಾಥೆಡ್ರಲ್ ಜೂನ್‌ನಲ್ಲೂ ತಣ್ಣಗೆ ಕೊರೆಯುತ್ತಿತ್ತು.

ನೀನು ಬಾರಿಸುತ್ತಿದ್ದ ಆರನೆಯ ಗಂಟೆಯನ್ನು ಈಗ ಬೇಕರಿಯವರ ಸೊಸೆ ಪ್ರುಡೆನ್ಸ್ ಬಾರಿಸುತ್ತಾಳೆ. ಗಿಡ್ಡಿ, ಪಾಪ. ಹಗ್ಗ ಕೈಗೆಟುಕಲೆಂದು ನಮ್ಮಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಟ್ಟು ನಿಲ್ಲುತ್ತಾಳೆ. ಹೆರೆಫರ್ಡಿನವರು ಅವಳನ್ನು ಒಮ್ಮೆ ನೋಡಿ, ಹಗ್ಗದ ತುದಿಯ ಗಂಟು ಬಿಚ್ಚಿ ಇಳಿಸಿಕೊಟ್ಟರು. ನೆಲದ ಮೇಲೇ ನಿಂತು ಸೊಗಸಾಗಿ ಬಾರಿಸಿದಳು. ಹಿಂತಿರುಗುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟಳು: “ಯಜಮಾನ್ರೇ, ನಮ್ಮೂರಲ್ಲಿ ಮಾತ್ರ ನಾನ್ಯಾಕೆ ಸರ್ಕಸ್ ಮಾಡ್ಬೇಕು? ಒಂದು ಗಂಟು ಬಿಚ್ಚೋಕಾಗಲ್ವಾ?”

“ಅದು ಉದ್ದ ಆಳಿಗೆ ಕಟ್ಟಿದ್ದು. ಮುಟ್ಬೇಡ” ಅಂದರು ನಿನ್ನ ಅಪ್ಪ.

“ಯಾವ ಆಳಪ್ಪಾ? ಐದು ವರ್ಷದಿಂದ ಅವನ ನೆರಳೂ ಕಂಡಿಲ್ಲ!” ಎಂದ, ಹಿಂದಿನ ಸೀಟಿನಿಂದ ಮಾಂಸದಂಗಡಿಯ ಏಮಸ್. ಅವನ ಬಾಯಿ ನಿನಗೆ ಗೊತ್ತಲ್ಲ. ಎಲ್ಲರೂ ನಕ್ಕರು. ನಿನ್ನ ಅಪ್ಪ ಊರು ಬರುವವರೆಗೂ ಕಿಟಕಿಯಾಚೆಯ ಹೊಲ ನೋಡುತ್ತ ಕುಳಿತರು.

ಐದು ವರ್ಷದ ಹಿಂದೆ ಈಸ್ಟರ್ ಬೆಳಗ್ಗೆ ಎಲ್ಲರನ್ನೂ ಹಗ್ಗದ ಮುಂದೆ ಕಾಯಿಸಿ, ಹೇಳದೆ ಕೇಳದೆ ಹಡಗು ಹತ್ತಿದವನು ನೀನು. “ಇನ್ನು ನನ್ನ ಗೋಪುರ ಹತ್ತಬೇಡ” ಎಂದು ನಿನಗೆ ಬರೆದವರು ಅವರು. ನಾನು ನ್ಯಾಯ ಹೇಳಲು ಹೋಗುವುದಿಲ್ಲ. ನೀವಿಬ್ಬರೂ ಒಮ್ಮೆ ಮಾತಾಡುವುದನ್ನು ಕೇಳಿಸಿಕೊಂಡು ಸಾಯಬೇಕು, ನನ್ನ ಆಸೆ ಅಷ್ಟೇ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಬನಿಯನ್ ಹಾಕಿಕೋ.

ನಿನ್ನ ಅಮ್ಮ,
ಮೇಬಲ್

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಅಪ್ಪ ಬಂದರು. ಪ್ರುಡೆನ್ಸ್ ಇವತ್ತು ಪೆಟ್ಟಿಗೆಯಿಂದ ಜಾರಿ ಬಿದ್ದಳಂತೆ, ಪೆಟ್ಟೇನಿಲ್ಲ. “ಕ್ರಿಸ್‌ಮಸ್‌ವರೆಗೆ ಆ ಗಂಟು ಬಿಚ್ಚಲ್ಲ. ಆಮೇಲೆ ಅವಳಿಗೆ ಇಳಿಸಿಕೊಡ್ತೀನಿ. ಅವನಿಗೆ ತಿಳಿದಿರಲಿ. ನಾನು ಹೇಳ್ದೆ ಅಂತ ಮಾತ್ರ ಬರೀಬೇಡ” ಅಂದರು. ಅವರೇ ಹೇಳಿದ್ದು.