ಲೆಫ್ಟ ಅಂದರೆ

ಭಾಲ್ಕಿ, ನವೆಂಬರ ೧೯೪೮, ಸೋಮವಾರ

ನಮ್ಮ ಮನೆಯವರಿಗೆ ಅನುಸೂಯಾಳ ಶರಣು.

ಊಟ ಸರಿಯಾಗಿ ಮಾಡುತ್ತೀರೋ ಇಲ್ಲವೋ? ಕಾಲಿನ ಗಾಯ ಒಣಗಿತೇ? ಚಳಿ ಶುರುವಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಸಿಟ್ಟಿದ್ದರೂ ಇಷ್ಟು ಕೇಳಿಯೇ ಮುಂದೆ ಬರೆಯುತ್ತಿದ್ದೇನೆ. ನಾನು ಆರಾಮ ಇದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಮಿಲಿಟರಿಯವರು ನಮ್ಮ ಓಣಿಯಲ್ಲಿ ಕವಾಯತು ಮಾಡುವಾಗ ನೀವು ಕಟ್ಟೆಯ ಮೇಲೆ ಕೂತು, "ಲೆಫ್ಟ ಅಂದ್ರ ಎಡಾ, ರೈಟ ಅಂದ್ರ ಬಲಾ, ತಿಳೀತೇನು?" ಎಂದು ನನಗೆ ಕಲಿಸಿದ್ದು ನೆನಪಿದೆಯೇ? ನನಗೆ ಬರುವ ಇಂಗ್ಲಿಷು ಅಷ್ಟೇ. ಅದನ್ನೇ ನಂಬಿ ಕೆಟ್ಟೆ. ಬೀದರಿನ ಹಾದಿಯಲ್ಲಿ ಯಾರದೋ ಗುಂಡು ನಿಮ್ಮ ಕಾಲಿಗೆ ಬಿತ್ತೆಂದು ಸುದ್ದಿ ಬಂದಾಗ ಹಾದಿಯೆಲ್ಲ ಮುಚ್ಚಿತ್ತು. ತೆರೆದ ದಿನವೇ ನಮ್ಮ ಓಣಿಯ ಕರೀಮ ಸಾಬರ ಬಂಡಿ ಹತ್ತಿ ಬೀದರಿನ ದವಾಖಾನೆಗೆ ಬಂದೆ. ಅಲ್ಲಿದ್ದವರು ಮದ್ರಾಸಿನ ಕಡೆಯ ಡಾಕ್ಟರು. ನಮ್ಮ ಮಾತೂ ಬಾರದು, ಉರ್ದೂನೂ ಬಾರದು. ಲಗ್ನವಾದಾಗಿನಿಂದ ಬಾಯಿಗೆ ತರದ ನಿಮ್ಮ ಹೆಸರನ್ನು ಆ ಪರಪುರುಷನೆದುರು ಹೇಳಿದೆ. "ಲೆಫ್ಟ" ಎಂದರು. ನಾನು ಎಡಕ್ಕೆ ತಿರುಗಿದೆ. ಎಡಗಡೆಯ ಖೋಲಿಯಲ್ಲಿ ಮಂಚ ಮಂಚಕ್ಕೂ ಹೋಗಿ, ಹೊದ್ದು ಮಲಗಿದವರ ಮುಖ ನೋಡಿದೆ. ಯಾರ್ಯಾರ ಗಂಡಂದಿರೋ, ಯಾರ್ಯಾರ ಮಕ್ಕಳೋ. ನೀವಿರಲಿಲ್ಲ. ಕಡೆಗೆ ಮಿಶನ್ನಿನ ನರ್ಸು ಫ್ಲಾರೆನ್ಸಬಾಯಿ ನನ್ನ ಕೈ ಹಿಡಿದು, "ಲೆಫ್ಟ ಅಂದ್ರ ಬಿಟ್ಟು ಹೋದ್ರು ಅಂತಾನೂ ಆಗ್ತದ್ರಿ ಬಾಯಿ. ನಿನ್ನೆನೇ ಹೋದ್ರು" ಎಂದರು. ನಿಮ್ಮ ಒಂದು ಚಪ್ಪಲಿ ಕೊಟ್ಟರು, ಎಡಗಾಲಿನದು. ಮೆಟ್ಟಿಕೊಳ್ಳಲೂ ಪುರುಸೊತ್ತಿಲ್ಲದಷ್ಟು ಅವಸರವಿತ್ತೇ ನಿಮಗೆ?

ಬಿಡುವುದೆಂದರೆ ನಮ್ಮ ಮಾತಿನಲ್ಲೂ ಒಂದೇ ಅರ್ಥವಿಲ್ಲ. ಬಸ್ಸೂ ಊರು ಬಿಡುತ್ತದೆ, ಸಂಜೆಗೆ ತಿರುಗಿ ಬರುತ್ತದೆ. ಹೆಂಡತಿಯನ್ನು ಬಿಟ್ಟವನು ಬರುವುದಿಲ್ಲ. ನೀವು ಬಿಟ್ಟದ್ದು ಊರನ್ನೋ, ನನ್ನನ್ನೋ? ಜಹೀರಾಬಾದಿನ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಕರೀಮ ಸಾಬರು ನಿಮ್ಮನ್ನು ಕಂಡಾಗ, "ಅಕೀ ನನ್ನ ಹಾದಿ ಕಾಯೂದು ಬ್ಯಾಡ" ಎಂದು ಹೇಳಿ ಕಳಿಸಿದಿರಂತೆ. ಅದರ ಮೇಲೆ, ತಂದೆಯ ವಯಸ್ಸಿನ ಆ ಹಿರಿಯರು ಎದುರಿಗೆ ಬಂದರೂ ಕಂಬಳಿ ಹೊದ್ದು ಕೂತವರು ಕೂತೇ ಇದ್ದಿರಂತೆ, ಏಳಲಿಲ್ಲವಂತೆ. ಇಷ್ಟು ಸೊಕ್ಕು ನಿಮಗೆ ಯಾವಾಗ ಬಂತು? ನಾನೇನು ತಪ್ಪು ಮಾಡಿದೆನೆಂದು ಹುಡುಕಿ ಹುಡುಕಿ ಸೋತಿದ್ದೇನೆ. ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ.

ಬಸವಣ್ಣ ನಿಮ್ಮನ್ನು ತಂಪಾಗಿಡಲಿ.

ಇನ್ನೂ ನಿಮ್ಮವಳೇ,
ಅನುಸೂಯಾ

ತಾ.ಕ.: ಪತ್ರ ಮಡಚುವಷ್ಟರಲ್ಲಿ ಫ್ಲಾರೆನ್ಸಬಾಯಿ ಬಂದರು. ಮಕ್ಕಳಿಗೆ ಸಿಡುಬಿನ ದೇವಿ ಹಾಕಲು ನಮ್ಮೂರಿಗೆ ಬಂದಿದ್ದರಂತೆ. ಹೊಸ್ತಿಲ ಹತ್ತಿರ ಆ ಚಪ್ಪಲಿ ನೋಡಿ ಅತ್ತುಬಿಟ್ಟರು. ಯಾರಿಗೂ ಹೇಳುವುದಿಲ್ಲವೆಂದು ನಿಮಗೆ ಕೊಟ್ಟ ಮಾತು ಮುರಿದು, ದವಾಖಾನೆಯಲ್ಲಿ ನಿಮ್ಮ ಎಡಗಾಲು ಕತ್ತರಿಸಿ ತೆಗೆದರೆಂದು ಹೇಳಿದರು. ಲೆಫ್ಟ ಎಂದರೆ ಉಳಿದದ್ದು ಎಂದೂ ಆಗುತ್ತದಂತೆ. ನಿಮಗೆ ಹುಚ್ಚೇ? ಒಂದು ಕಾಲು ಉಳಿದಿದೆ, ನಾನು ಉಳಿದಿದ್ದೇನೆ. ಕರೀಮ ಸಾಬರು ಈ ಪತ್ರವನ್ನು ಒಳಗೆ ತಂದು ಕೊಡುವಾಗ ನಾನು ಹೊರಗೆ ಬಂಡಿಯಲ್ಲಿ ಕೂತಿರುತ್ತೇನೆ. ನೀವು ಏಳಬೇಡಿರಿ, ನಾನೇ ಬರುತ್ತೇನೆ.