ಪಟ್ಟಿಯ ಮೊದಲ ಹೆಸರು

ಮಂಗಳವಾರ ಸಂಜೆ
(ಮಗಳ ಮದುವೆಗೆ ಇನ್ನು ಹದಿನೆಂಟು ದಿನ)

ನನ್ನ ಮಗಳ ತಂದೆಯವರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ತಾಪತ್ರಯವನ್ನು ನಿಮ್ಮ ಕಾಗದದಲ್ಲಿ ನೀವೇ ತಪ್ಪಿಸಿದ್ದೀರಿ. ದಿನಾ ಬೆಳಿಗ್ಗೆ ಎರಡು ಮೈಲಿ ನಡೆಯುತ್ತೀರಂತೆ, ಊಟ ಸೇರುತ್ತದಂತೆ, ತಲೆ ಇಟ್ಟ ತಕ್ಷಣ ನಿದ್ದೆ ಬರುತ್ತದಂತೆ. ಬಾರದೆ ಏನು? ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ನೂರಿಪ್ಪತ್ತು ಜನ ಮೊಣಕಾಲೂರಿ ನಿಮ್ಮ ಆರೋಗ್ಯ ಬೇಡಿಕೊಂಡಿದ್ದಾರೆ.

ಅರ್ಥವಾಗಲಿಲ್ಲ ಅಲ್ಲವೇ? ಹೇಳುತ್ತೇನೆ. ಇದನ್ನು ತಿಳಿಯದೆ ನೀವು ಈ ಚರ್ಚಿನ ಮೆಟ್ಟಿಲು ಹತ್ತುವಂತಿಲ್ಲ.

ನೀವು ಹೋದ ಮೊದಲ ಭಾನುವಾರ ಮಗಳನ್ನು ಕರೆದುಕೊಂಡು ಎಂದಿನಂತೆ ಆರಾಧನೆಗೆ ಹೋದೆ. ಗಾಯನ ಮಂಡಳಿಯ ಹಿಂದಿನ ಸಾಲಿನಲ್ಲಿ ನಿಮ್ಮ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಬಾಗಿಲಲ್ಲಿ ಹಾಡಿನ ಪುಸ್ತಕ ಕೊಡುವ ವಾರ್ಡನ್, ಯಜಮಾನರು ಎಲ್ಲಿ ಎಂದು ಕೇಳಿದರು. ಮೈ ಹುಷಾರಿಲ್ಲ ಎಂದೆ. ಗಾಯನ ಮಂಡಳಿಯ ನಿಲುವಂಗಿ ಹೊಲಿಯುವ ಆ ದರ್ಜಿಯಮ್ಮನ ಜೊತೆ ಹೊರಟುಹೋದರು ಎಂದು ಯಾರ ಬಾಯಿಂದ ಬಂದೀತು? ನಿಮ್ಮ ಒಬ್ಬರ ಅಳತೆಗೆ ಅವಳು ಮೂರು ಸಲ ಟೇಪು ಹಿಡಿದಾಗಲೇ ನನಗೆ ಹೊಳೆಯಬೇಕಿತ್ತು.

ವಾರ್ಡನ್ ಒಳ್ಳೆಯವರು, ನೆಟ್ಟಗೆ ಪಾದ್ರಿಗಳ ಕಿವಿಗೆ ಹಾಕಿದರು. ರೋಗಿಗಳಿಗಾಗಿ ಪ್ರಾರ್ಥಿಸುವ ಹೊತ್ತಿಗೆ ಪಟ್ಟಿಯ ಕೊನೆಯಲ್ಲಿ ನಿಮ್ಮ ಹೆಸರು ಕೇಳಿಸಿತು. ‘ಕರ್ತನೇ, ನಮ್ಮ ಪ್ರಾರ್ಥನೆಯನ್ನು ಲಾಲಿಸು’ ಎಂದು ಸಭೆಯೆಲ್ಲ ಹೇಳಿತು. ನಾನೂ ಹೇಳಿದೆ. ಹದಿಮೂರು ವರ್ಷದ ಮಗಳು ನನ್ನ ಮುಖ ನೋಡಿ, ಆಮೇಲೆ ತಾನೂ ಹೇಳಿದಳು.

ಚರ್ಚಿನ ವಾರದ ಹಾಳೆಯನ್ನು ಟೈಪ್ ಮಾಡುವವಳು ನಾನೇ ಎಂಬುದು ನಿಮಗೆ ಗೊತ್ತು. ಶುಕ್ರವಾರ ಶಾಲೆಯ ಆಫೀಸಿನ ಕೆಲಸ ಮುಗಿಸಿ ಅದೇ ಮೇಜಿನಲ್ಲಿ ಕೂತು ಹಾಡಿನ ಸಂಖ್ಯೆ, ವಾಚನದ ಭಾಗ, ರೋಗಿಗಳ ಹೆಸರು ಹೊಡೆಯುತ್ತೇನೆ. ಆ ಶುಕ್ರವಾರ ನಿಮ್ಮ ಹೆಸರು ಬಿಡಬಹುದಿತ್ತು. ಬಿಟ್ಟರೆ ಗುಣವಾದಿರಿ ಎಂದಾಗುತ್ತದೆ, ಗುಣವಾದವರು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಹೊಡೆದೆ. ಮುಂದಿನ ವಾರವೂ ಹೊಡೆದೆ. ಕೇಳಿದವರಿಗೆ ಶ್ವಾಸಕೋಶದ ತೊಂದರೆ ಎಂದೆ. ಗಾಳಿ ಒಣಗಿರುವ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದಾರೆ ಎಂದೆ. ಇಲ್ಲದ ಅಕ್ಕನೊಬ್ಬಳನ್ನು ನಿಮಗೆ ಹುಟ್ಟಿಸಿಕೊಟ್ಟಿದ್ದೇನೆ, ನೆನಪಿಟ್ಟುಕೊಳ್ಳಿ.

ಭಾನುವಾರ ಶಾಲೆಯ ಮಕ್ಕಳು ಸೂರ್ಯನ ಚಿತ್ರ ಬರೆದು, ಬೇಗ ಗುಣವಾಗಿ ಅಂಕಲ್ ಎಂದು ಕಾರ್ಡು ಕೊಟ್ಟರು. ನೀವು ಬಿಟ್ಟುಹೋದ ಶೂಗಳ ಡಬ್ಬಿಯಲ್ಲಿ ಮೂವತ್ತೊಂದು ಕಾರ್ಡುಗಳಿವೆ. ಪಟ್ಟಿಗೆ ಬಂದವರಲ್ಲಿ ಕೆಲವರು ಗುಣವಾಗಿ ಹೋದರು, ಕೆಲವರು ತೀರಿಕೊಂಡವರ ಪಟ್ಟಿಗೆ ಹೋದರು. ನೀವು ಮಾತ್ರ ಕದಲಲಿಲ್ಲ. ಮೇಲೇರುತ್ತಾ ಹೋಗಿ ಮೊದಲನೆಯವರಾದಿರಿ. ಜೀವನದಲ್ಲಿ ಇಷ್ಟು ನಿಯತ್ತಾಗಿ ಒಂದು ಕಡೆ ನೀವು ನಿಂತದ್ದು ಇದೊಂದೇ.

ನಿಮ್ಮ ಗೆಳೆಯರು, ಆರ್ಗನ್ ನುಡಿಸುತ್ತಿದ್ದವರು, ಗಂಟಲಿನ ಕಾಯಿಲೆಯಿಂದ ಹೋದರು. ಆರು ವಾರ ನಿಮ್ಮ ಹೆಸರಿನ ಕೆಳಗೇ ಅವರ ಹೆಸರಿತ್ತು. ಮಣ್ಣು ಮಾಡಿ ಬಂದ ದಿನ ಅವರ ಹೆಂಡತಿ ನನ್ನ ಕೈ ಹಿಡಿದು, ‘ನಿಮ್ಮವರಾದ್ರೂ ಉಳಿದ್ರಲ್ಲ’ ಅಂದಳು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆ ರಾತ್ರಿಯೇ ನಿಮ್ಮ ಹೆಸರು ತೆಗೆಯಬೇಕೆಂದುಕೊಂಡೆ. ಶುಕ್ರವಾರ ಬಂದಾಗ ಬೆರಳು ತಾನಾಗಿ ಹೊಡೆದುಬಿಟ್ಟಿತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮೊದಲ ವರ್ಷ ಎಲ್ಲರೂ ನಿಮ್ಮ ಆರೋಗ್ಯ ಬೇಡುವಾಗ ನಾನು ಕಣ್ಣು ಮುಚ್ಚಿ, ನಿಜವಾಗಿಯೂ ಕಾಯಿಲೆ ಬರಲಿ ಎಂದು ಬೇಡುತ್ತಿದ್ದೆ. ಹಾಸಿಗೆ ಹಿಡಿದರೆ ಅವಳು ಓಡಿಹೋಗುತ್ತಾಳೆ, ನೀವು ಮನೆಗೆ ಬರುತ್ತೀರಿ ಎಂಬ ಲೆಕ್ಕ. ನೂರಿಪ್ಪತ್ತು ಜನರ ಮುಂದೆ ನನ್ನೊಬ್ಬಳದು ನಡೆಯಲಿಲ್ಲ.

ಈಗ ಮಗಳ ಮದುವೆ. ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಪಾದ್ರಿಗಳು ಎರಡು ಭಾನುವಾರ ಪ್ರಕಟಣೆ ಓದಿಯಾಯಿತು, ಇನ್ನು ಒಂದು ಉಳಿದಿದೆ. ಅವಳ ಕೈ ಹಿಡಿದು ಬಲಿಪೀಠದವರೆಗೆ ಕರೆದೊಯ್ಯುವ ಹಕ್ಕು ನಿಮ್ಮದು ಎಂದು ಬರೆದಿದ್ದೀರಿ. ಹಕ್ಕು ಎಂಬ ಪದ ನೋಡಿ ಕಾಗದವನ್ನು ಒಲೆಗೆ ಹಾಕಲು ಎದ್ದೆ. ಮಗಳು ಕಿತ್ತುಕೊಂಡಳು. ಈ ಒಂಬತ್ತು ವರ್ಷದಲ್ಲಿ ಅವಳು ನಿಮ್ಮ ವಿಷಯ ಎತ್ತಿದವಳಲ್ಲ. ಮೊನ್ನೆ ಎತ್ತಿದಳು. ‘ನಂಗೆ ನ್ಯಾಯ ಹೇಳ್ಬೇಡಮ್ಮ. ಪ್ರತಿ ವಾರ ಅಪ್ಪನ ಹೆಸರು ಕೇಳಿಸ್ಕೊಂಡೇ ಬೆಳೆದಿದೀನಿ. ಒಂದು ದಿನ ಪಕ್ಕದಲ್ಲಿ ನಡೀಲಿ.’

ಆದ್ದರಿಂದ ಬನ್ನಿ. ಆದರೆ ರೋಗಿಯಾಗಿ ಬನ್ನಿ. ಇದರ ಜೊತೆ ನನ್ನ ಅಪ್ಪನ ಕೋಲನ್ನು ಕಳಿಸುತ್ತಿದ್ದೇನೆ. ಅದನ್ನು ಊರಿಕೊಂಡು ನಿಧಾನಕ್ಕೆ ನಡೆಯಿರಿ. ದೀಕ್ಷಾಸ್ನಾನದ ತೊಟ್ಟಿಯ ಹತ್ತಿರ ನಿಂತು ಒಮ್ಮೆ ಉಸಿರು ತೆಗೆದುಕೊಳ್ಳಿ. ಚಹಾದ ಹೊತ್ತಿನಲ್ಲಿ ಎರಡನೇ ತಟ್ಟೆಗೆ ಕೈ ಹಾಕಬೇಡಿ. ಮುಖ್ಯವಾಗಿ ಹಾಡಬೇಡಿ. ನಿಮಗೆ ಇದೇ ಕಷ್ಟ, ಗೊತ್ತು. ಶ್ವಾಸಕೋಶ ಕೆಟ್ಟವರು ಕಿಟಕಿ ಗಾಜು ನಡುಗುವಂತೆ ಹಾಡುವುದಿಲ್ಲ. ಆ ದರ್ಜಿಯಮ್ಮನನ್ನು ಕರೆತರಬೇಡಿ ಎಂದು ಬೇರೆ ಬರೆಯಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಸಭೆಯ ಮುಂದೆ ನನ್ನ ಮಾನ ಉಳಿಸಿ. ಈ ಜನ್ಮಕ್ಕೆ ನಿಮ್ಮಿಂದ ನಾನು ಕೇಳುವುದು ಇದಿಷ್ಟೇ.

ಇಂತಿ,
ವಾರಕ್ಕೊಮ್ಮೆ ನಿಮ್ಮ ಹೆಸರು ಟೈಪ್ ಮಾಡುವವಳು

ಮರೆತ ಮಾತು (ಬುಧವಾರ): ಅಂಚೆಗೆ ಹಾಕುವ ಮೊದಲು, ನೀವು ಚೇತರಿಸಿಕೊಳ್ಳುತ್ತಿದ್ದೀರಿ, ಮದುವೆಗೆ ಬರುತ್ತೀರಿ ಎಂದು ಪಾದ್ರಿಗಳಿಗೆ ತಿಳಿಸಲು ಚರ್ಚಿಗೆ ಹೋಗಿದ್ದೆ. ಅವರು ಹಾಡಿನ ಸಂಖ್ಯೆಗಳನ್ನು ಹಲಗೆಗೆ ಸಿಕ್ಕಿಸುತ್ತಿದ್ದವರು ನಿಲ್ಲಿಸಿದರು. ‘ನಿಮ್ಮವರೂ ಕಾಣಲ್ಲ, ದರ್ಜಿ ಅಂಗಡಿಗೂ ಬೀಗ. ಎರಡೂ ಒಂದೇ ವಾರ. ನಮಗೆ ಗೊತ್ತಾಗ್ದೆ ಇರುತ್ತಾ ಅಮ್ಮ?’ ಯಾರ್ಯಾರಿಗೆ ಎಂದು ಕೇಳಿದೆ. ಎಲ್ಲರಿಗೂ ಎಂದರು. ಪಟ್ಟಿಯಿಂದ ಹೆಸರು ತೆಗೆಯಬೇಡಿ, ಪಾಪ, ಇರಲಿ ಎಂದು ಮೊದಲು ಬಂದು ಹೇಳಿದವಳು ಆರ್ಗನಿಸ್ಟರ ಹೆಂಡತಿಯಂತೆ. ಒಂಬತ್ತು ವರ್ಷ ಇಡೀ ಸಭೆ ಮೊಣಕಾಲೂರಿದ್ದು ನನ್ನ ಮೇಲಿನ ಕನಿಕರಕ್ಕೆ. ಕಣ್ಣಲ್ಲಿ ನೀರು ಬರಬೇಕಿತ್ತು. ಬಂದದ್ದು ಸಿಟ್ಟು, ಇನ್ನೂ ಇಳಿದಿಲ್ಲ.

ಇನ್ನು ಸಭೆಯ ಮುಂದೆ ನೀವು ರೋಗಿಯ ಹಾಗೆ ನಡೆಯುವ ಅಗತ್ಯವಿಲ್ಲ. ಆದರೂ ಕೋಲನ್ನು ಕಳಿಸುತ್ತಿದ್ದೇನೆ, ಹಿಡಿದೇ ಬನ್ನಿ. ಅವರಿಗೆ ಬೇಡ. ನೀವು ಕೋಲೂರಿ ನಡೆಯುವುದನ್ನು ನಾನು ನೋಡಬೇಕು.