ಆರಿದ ಕಾಫಿ

ಮಿಶಾಲ್,

೧. ನಿನ್ನನ್ನು ಇರಿದು ಕೊಂದ ನಾಯಿಫನಿಗೆ ಈ ಗುರುವಾರ ಮರಣದಂಡನೆ.

೨. ಸತ್ತವನ ಹೆತ್ತವರು ಕ್ಷಮಿಸಿದರೆ ನಮ್ಮ ಕಾನೂನು ಕೊಂದವನ ಪ್ರಾಣ ಉಳಿಸುತ್ತದೆ; ನಿನ್ನ ತಾಯಿ ಈಗಿಲ್ಲದ ಕಾರಣ ಆ ಹಕ್ಕು ತಂದೆಯಾದ ನನ್ನೊಬ್ಬನದು.

೩. ಇಂದು ಅವನ ತಂದೆ ಧೈಫಲ್ಲಾ ಮಗನ ಪ್ರಾಣ ಬೇಡಿ ನಮ್ಮ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಕುಡಿಯದೆ ಕೆಳಗಿಟ್ಟರು. ನಮ್ಮಲ್ಲಿ, ಬೇಡಿಬಂದವರಿಗೆ ಮನೆಯವರು ‘ಕುಡಿಯಿರಿ’ ಎಂದರೆ, ಬೇಡಿದ್ದನ್ನು ಕೊಟ್ಟಂತೆ.

ನಾನು ‘ಕುಡಿಯಿರಿ’ ಎನ್ನಲಿಲ್ಲ. ಅಷ್ಟರಲ್ಲಿ ಕಣ್ಣು ಕಾಣದ ನಿನ್ನ ಅಜ್ಜಿ, ನನ್ನ ಅಮ್ಮ, ಹೊರಬಂದಳು. ಬಂದವರು ಯಾರೆಂದು ಅವಳಿಗೆ ನಾವು ಹೇಳಿರಲಿಲ್ಲ. ತುಂಬಿದ ಬಟ್ಟಲು ಕೈಗೆ ತಗುಲಿದೊಡನೆ ಗದರಿದಳು:

“ಏನಪ್ಪಾ, ನನ್ನ ಕಾಫಿಗೆ ವಿಷ ಹಾಕಿದೀನಾ? ಆರಿಹೋಯ್ತು, ಕುಡಿಯೋ!”

ಧೈಫಲ್ಲಾ ಬಟ್ಟಲನ್ನು ಮುಟ್ಟದೆ ನನ್ನನ್ನೇ ನೋಡಿದರು. ಅವಳಿಗೆ ತಿಳಿಯದೆಂದು ನಾನು ಹೇಳಬಹುದಿತ್ತು. ಎಂಜಿನಿಯರನಾಗಿ ಸೇತುವೆಯ ನಕ್ಷೆಯಲ್ಲಾಗಲಿ, ನಿನ್ನ ಮಾತಿನಲ್ಲಾಗಲಿ, ಒಂದು ತಪ್ಪನ್ನೂ ತಿದ್ದದೆ ಬಿಟ್ಟವನಲ್ಲ ನಾನು.

ಅಮ್ಮನ ಮಾತನ್ನು ತಿದ್ದಲಿಲ್ಲ. ನಾಳೆ ನ್ಯಾಯಾಧೀಶರ ಮುಂದೆ ಕ್ಷಮೆಗೆ ಸಹಿ ಹಾಕುತ್ತೇನೆ.